ಬಾಗಿಲ ಹೊರಗಿನ ಸಿಸ್ಟರ್

ಸಿಸ್ಟರ್ ಅವರ ಕೈಗಳು ಹೇಗಿದ್ದವು ಎಂಬುದು ನನಗೆ ನೆನಪಿಲ್ಲ. ಮುಖ ನೆನಪಿದೆ, ಹಣೆಯ ಸಣ್ಣ ಸ್ಟಿಕ್ಕರ್ ನೆನಪಿದೆ, ನಗುವಾಗ ಒಂದೇ ಬದಿಗೆ ಏಳುತ್ತಿದ್ದ ತುಟಿ ನೆನಪಿದೆ. ಕೈ ಮಾತ್ರ ಇಲ್ಲ. ನರ್ಸ್ ಒಬ್ಬರ ಬಗ್ಗೆ ಹೀಗೆ ಬರೆಯುವುದು ವಿಚಿತ್ರವೇ. ಆದರೆ ಅವರು ನಮ್ಮ ಮುಂದೆ ನಿಲ್ಲುತ್ತಿದ್ದದ್ದೇ ಹಾಗೆ: ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆ ನೋಡಲು ಬಂದ ಸಾಹೇಬರ ಹಾಗೆ.

ಇಷ್ಟು ಬರೆಯುವಷ್ಟರಲ್ಲೇ ಅನುಮಾನ ಶುರುವಾಗುತ್ತದೆ. ಯಾವಾಗಲೂ ಹಾಗೇ ನಿಂತಿರುತ್ತಿದ್ದರೇ? ಬಸ್ಸಿನಲ್ಲಿ ಕಂಬಿ ಹಿಡಿಯುತ್ತಿರಲಿಲ್ಲವೆ, ಊಟ ಮಾಡುತ್ತಿರಲಿಲ್ಲವೆ? ದಿನಚರಿ ಬರೆಯುವ ಅಭ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ಹಳೆಯ ಹಾಳೆ ತೆಗೆದು ಓದಿದಾಗಲೆಲ್ಲ, ನಾನು ನೆನಪು ಎಂದುಕೊಂಡದ್ದು ಬೇರೆ, ನಡೆದದ್ದು ಬೇರೆ ಎಂದು ಗೊತ್ತಾಗಿ ಪೆಚ್ಚಾಗಿದ್ದೇನೆ. ಸಿಸ್ಟರ್ ನನ್ನ ಬದುಕಿಗೆ ಬಂದ ಕಾಲದಲ್ಲಂತೂ ದಿನಚರಿಯೂ ಇರಲಿಲ್ಲ. ಅದಕ್ಕೇ ಇದನ್ನು ಗೆಳತಿ ಕವಿತಾಳಿಗೆ ಫೋನಿನಲ್ಲಿ ಓದಿ ಹೇಳುತ್ತಾ ಬರೆಯುತ್ತಿದ್ದೇನೆ. ಅವಳು ಒಪ್ಪದ ಕಡೆ, ಒಪ್ಪಲಿಲ್ಲ ಎಂದೇ ಬರೆದಿದ್ದೇನೆ. ಸ್ಟಿಕ್ಕರ್ ವಿಷಯವನ್ನು ಅವಳು ಒಪ್ಪಲಿಲ್ಲ. "ಕುಂಕುಮ ಕಣೇ, ಬೆವರಿಗೆ ಮೂಗಿನ ಮೇಲೆ ಇಳಿತಿತ್ತಲ್ಲ" ಅಂದಳು.

ಸಿಸ್ಟರ್ ಈಚೆಗೆ ತೀರಿಕೊಂಡರು. ಹಿರಿಯೂರಿನ ಹತ್ತಿರದ ಬಬ್ಬೂರಿನಲ್ಲಿ, ಅವರ ಮನೆಯಲ್ಲಿ, ಬೆಳಗಿನ ಕಾಫಿ ಕುಡಿದು ಕೂತಿದ್ದವರು ಹಾಗೇ ಒರಗಿದರಂತೆ. ಆ ದಿನದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಹೊಳಲ್ಕೆರೆ ತಾಲ್ಲೂಕಿನ ತಾಳ್ಯದವಳು. ಹುಟ್ಟುವಾಗಲೇ ಬೆನ್ನುಹುರಿಯ ತುದಿಯಲ್ಲಿ ಒಂದು ಗಂಟಿತ್ತು. ಆಪರೇಷನ್ ಆಗಿ ಗಂಟು ಹೋಯಿತು. ಕಾಲಿಗೆ ಬಲ ಬರಲಿಲ್ಲ, ಸೊಂಟದಿಂದ ಕೆಳಗೆ ಮುಟ್ಟಿದ್ದು ತಿಳಿಯಲಿಲ್ಲ, ಮೂತ್ರಕ್ಕೆ ಹೋಗಬೇಕೆಂಬುದೂ ತಿಳಿಯಲಿಲ್ಲ. ನನ್ನಂಥವರು ಕೆಲವು ಗಂಟೆಗೊಮ್ಮೆ ತೆಳ್ಳನೆಯ ಒಂದು ನಳಿಕೆ ಹಾಕಿ ಮೂತ್ರ ತೆಗೆಯಬೇಕು. ತಪ್ಪಿದರೆ ಜ್ವರ, ಸೋಂಕು, ಕೊನೆಗೆ ಕಿಡ್ನಿಗೇ ಕುತ್ತು. ಆ ಕೆಲಸ ಅವ್ವ ಮಾಡುತ್ತಿದ್ದಳು. ಕೂಲಿಗೆ ಹೋದ ಹೊಲದಿಂದ ಮಧ್ಯಾಹ್ನ ಓಡೋಡಿ ಶಾಲೆಗೆ ಬರುತ್ತಿದ್ದಳು, ಕೆಲಸ ಮುಗಿಸಿ ಮತ್ತೆ ಓಡುತ್ತಿದ್ದಳು. ನನ್ನ ಹೈಸ್ಕೂಲು ಮುಗಿದದ್ದು ಅವ್ವನ ಕಾಲ ಮೇಲೆ.

ಮುಂದಕ್ಕೆ ಓದಬೇಕಾದರೆ ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಅಲ್ಲಿ ಅಂಗವಿಕಲ ಹುಡುಗಿಯರಿಗೆಂದು ಒಂದು ಟ್ರಸ್ಟಿನವರು ನಡೆಸುತ್ತಿದ್ದ ಹಾಸ್ಟೆಲ್ ಇತ್ತು. ವಾರ್ಡನ್ ಖಡಾಖಂಡಿತವಾಗಿ ಹೇಳಿದರು: "ನಿನ್ನ ಕೆಲಸ ನೀನು ಮಾಡ್ಕೊಂಡ್ರೆ ಸೀಟು. ಅಮ್ಮ ಬಂದು ಮಾಡಬೇಕು ಅಂದ್ರೆ ಆಗಲ್ಲ." ಕಾಲೇಜು ಶುರುವಾಗುವವರೆಗೆ ಅವಕಾಶ ಕೊಟ್ಟರು. ಆ ಬೇಸಿಗೆ ರಜೆಯಲ್ಲಿ ಹಾಸ್ಟೆಲಿನ ಒಂದು ಕೋಣೆಯಲ್ಲಿ ಅವ್ವನೂ ನಾನೂ ಇರಬಹುದು, ಅಷ್ಟರಲ್ಲಿ ನಾನು ಕಲಿಯಬೇಕು. ಕಲಿಯದಿದ್ದರೆ ತಾಳ್ಯಕ್ಕೆ ವಾಪಸು, ಓದು ಅಲ್ಲಿಗೇ ಮುಗಿಯಿತು. ನನಗೆ ಇದು ಚೆನ್ನಾಗಿ ಗೊತ್ತಿತ್ತು. ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಕಲಿಸಲು ಬಂದವರು ಸಿಸ್ಟರ್. ಯಾವುದೋ ನರ್ಸಿಂಗ್ ಹೋಂನಲ್ಲಿದ್ದವರು ಅದನ್ನು ಬಿಟ್ಟು ಈ ಟ್ರಸ್ಟಿಗೆ ಸೇರಿದ್ದರು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಬಸ್ಸಿನಲ್ಲಿ ಸುತ್ತುತ್ತಾ, ನಮ್ಮಂಥ ಮಕ್ಕಳಿರುವ ಶಾಲೆ, ಹಾಸ್ಟೆಲ್ಲುಗಳಿಗೆ ಸರದಿಯಂತೆ ಹೋಗುತ್ತಿದ್ದರು. ಚಿಕಿತ್ಸೆ ಕೊಡುವುದು ಅವರ ಕೆಲಸವಲ್ಲ. ನಮ್ಮ ಮೈಯನ್ನು ನಾವೇ ನೋಡಿಕೊಳ್ಳುವುದನ್ನು ಕಲಿಸುವುದು ಅವರ ಕೆಲಸ.

ಮೊದಲ ದಿನ ಅವ್ವ ನಳಿಕೆಗಳಿದ್ದ ಸ್ಟೀಲ್ ಡಬ್ಬಿಯನ್ನು ಎರಡೂ ಕೈಯಿಂದ ಅವರತ್ತ ಚಾಚಿದಳು. "ತಗಳ್ರಿ ಸಿಸ್ಟರಮ್ಮ, ಇನ್ನು ನಿಮ್ದೇ ಭಾರ."

ಸಿಸ್ಟರ್ ಅವರ ಕೈಗಳು ಹಿಂದಕ್ಕೆ ಹೋದವು. "ನಂಗ್ಯಾಕೆ ಕೊಡ್ತೀರಿ? ಅವಳ ಕೈಗೆ ಕೊಡ್ರಿ."

"ಅವಳಿಗೆ ಬರಲ್ರಿ."

"ಬರಲ್ಲ ಅಂತ್ಲೇ ನಾನು ಬಂದಿರಾದು. ಬಂದಿದ್ರೆ ನಂಗ್ಯಾರು ಸಂಬಳ ಕೊಡ್ತಿದ್ರು?"

ಅವ್ವ ನಗಲಿಲ್ಲ. ಡಬ್ಬಿ ನನ್ನ ತೊಡೆಯ ಮೇಲೆ ಬಂತು.

ಅವರು ಆಗಾಗ ಹೇಳುತ್ತಿದ್ದ ಮಾತೊಂದಿತ್ತು: "ನಾನು ಬಸ್ಸಿನೋಳು ಕಣ್ರವ್ವ, ಬರ್ತೀನಿ, ಹೋಗ್ತೀನಿ. ನಿಮ್ಮ ಮೈ ಎಲ್ಲಿಗೂ ಹೋಗಲ್ಲ. ನಿಮ್ಮತ್ರನೇ ಇರ್ತೈತೆ. ಅದ್ರ ಜೊತೆ ಮಾತಾಡಾದು ಕಲೀರಿ." ಹೇಳುವಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತಿದ್ದರು. ಬರುವಾಗ ತಡ, ಹೋಗುವಾಗ ಅವಸರ. ಒಂದು ದಿನವೂ ಹೇಳಿದ ಹೊತ್ತಿಗೆ ಬಂದವರಲ್ಲ. ಇದನ್ನು ಮಾತ್ರ ಕವಿತಾ ಕೂಡಲೇ ಒಪ್ಪಿದಳು.

ಕವಿತಾ ಹೊಸದುರ್ಗದ ಕಡೆಯವಳು. ಒಂದು ಕಾಲು ಸೊಟ್ಟ, ಜೊತೆಗೆ ಮೂರ್ಛೆ ರೋಗ. ನಾನು ಹೋಗುವ ಮೊದಲೇ ಆ ಹಾಸ್ಟೆಲಿನಲ್ಲಿದ್ದಳು, ಆ ರಜೆಗೂ ಊರಿಗೆ ಹೋಗಿರಲಿಲ್ಲ. ಅವಳ ಪಾಲಿಗೆ ಬಂದ ಪಾಠ ಮಾತ್ರೆಯದು. ಯಾವ ಮಾತ್ರೆ, ಯಾಕೆ, ಬಿಟ್ಟರೆ ಏನಾಗುತ್ತದೆ, ಪಕ್ಕದವರಿಗೆ ಮೊದಲೇ ಏನು ಹೇಳಿರಬೇಕು. ಒಮ್ಮೆ ಅವಳು ಮಾತ್ರೆಯ ಹೆಸರು ಮರೆತಾಗ ಸಿಸ್ಟರ್ ಎಲ್ಲರ ಮುಂದೆ, "ಸಿನಿಮಾ ಹೀರೋಗಳ ಹೆಸ್ರು ಅವ್ರ ಮಕ್ಕಳ ಹೆಸ್ರು ಸಮೇತ ಗೊತ್ತೈತೆ, ದಿನಾ ನುಂಗೋದರ ಹೆಸ್ರು ಗೊತ್ತಿಲ್ವಾ ನಿಂಗೆ?" ಎಂದುಬಿಟ್ಟರು. ಹುಡುಗಿಯರೆಲ್ಲ ನಕ್ಕೆವು. ಕವಿತಾ ಎಷ್ಟೋ ದಿನ ಅವರೊಂದಿಗೆ ಮಾತಾಡಲಿಲ್ಲ. ಈಗಲೂ ಅವಳಿಗೆ ಆ ಸಿಟ್ಟು ಪೂರ್ತಿ ಹೋಗಿಲ್ಲ. "ಅವತ್ತು ನಂಗೆ ಜ್ವರ ಇತ್ತು. ಅದು ಅವ್ರಿಗೆ ಕಾಣ್ಲಿಲ್ಲ. ಸತ್ತೋರು ಅಂತ ಸುಳ್ಳು ಬರೀಬ್ಯಾಡ, ಇದನ್ನೂ ಬರಿ" ಅಂದಳು. ಬರೆದಿದ್ದೇನೆ.

ನಾಲಗೆ ಚುರುಕಾಗಿತ್ತು ನಿಜ. ಆದರೆ ಕಣ್ಣೂ ಹಾಗೇ ಇತ್ತು. ಗಾಲಿ ಕುರ್ಚಿಯಲ್ಲಿ ಓಡಾಡುವವರಿಗೆ ಎರಡೂ ಕೈ ಚಕ್ರಕ್ಕೇ ಬೇಕು. ತಟ್ಟೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಅಡುಗೆಮನೆಯಿಂದ ಬಿಸಿ ಬಿಸಿ ಉಪ್ಪಿಟ್ಟಿನ ಸ್ಟೀಲ್ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಆರಾಮಾಗಿ ಕುರ್ಚಿ ತಳ್ಳಿಕೊಂಡು ಬರುತ್ತಿದ್ದೆ. ಸುಟ್ಟರೂ ನನಗೆ ಗೊತ್ತಾಗುವುದಿಲ್ಲ. ಒಂದು ಬೆಳಗ್ಗೆ ಸಿಸ್ಟರ್ ಬಾಗಿಲಲ್ಲೇ ತಡೆದರು. ತಟ್ಟೆ ಎತ್ತಲಿಲ್ಲ. "ಅದನ್ನ ಎತ್ತಿ ಕೆನ್ನೆಗೆ ಇಟ್ಕ" ಅಂದರು. ಇಟ್ಟುಕೊಂಡೆ. ಕಿರುಚಿದೆ. "ಕೆನ್ನೆಗೆ ಆಗಿದ್ದೇ ತೊಡೆಗೂ ಆಗ್ತೈತೆ. ಪಾಪ, ಅದಕ್ಕೆ ಬಾಯಿ ಇಲ್ಲ. ಅದ್ರ ಪರವಾಗಿ ನೀನೇ ಕಿರುಚಬೇಕು." ಮುಂದಿನ ಸಲ ಬರುವಾಗ ಬಡಗಿಯ ಹತ್ತಿರ ನುಣ್ಣಗೆ ಉಜ್ಜಿಸಿದ ಒಂದು ಹಲಗೆ ತಂದಿದ್ದರು. ಅದನ್ನು ತೊಡೆಯ ಮೇಲಿಟ್ಟು ಅದರ ಮೇಲೆ ತಟ್ಟೆ. ಅದೇ ಹಲಗೆಯ ಮೇಲೆ ಈಗ ಲ್ಯಾಪ್‌ಟಾಪ್ ಇಟ್ಟು ಇದನ್ನು ಬರೆಯುತ್ತಿದ್ದೇನೆ. ಹಲಗೆ ತಂದವರು ಅವರಾದರೆ ಅವರ ಕೈಯನ್ನು ನಾನು ನೋಡಿಯೇ ಇರಬೇಕು. ನೆನಪು ಅದನ್ನು ಅಳಿಸಿಹಾಕಿದೆ.

ನೀರಿನ ವಿಷಯವೇ ಬೇರೆ. ಹಾಸ್ಟೆಲಿನ ಹುಡುಗಿಯರು ಬೆಳಗ್ಗೆಯಿಂದ ಸಂಜೆವರೆಗೆ ನೀರು ಮುಟ್ಟುತ್ತಿರಲಿಲ್ಲ. ಕಾಲೇಜಿನ ಶೌಚಾಲಯಕ್ಕೆ ಮೆಟ್ಟಿಲಿದ್ದವು, ಕುರ್ಚಿ ಏರುತ್ತಿರಲಿಲ್ಲ. ಕುಡಿಯದಿದ್ದರೆ ಹೋಗುವುದೂ ಬೇಡ ಎಂಬುದು ನಮ್ಮ ಜಾಣತನ. ದುರ್ಗದ ಬಿಸಿಲಿನಲ್ಲಿ, ಬಂಡೆಗಳು ಸಂಜೆಯವರೆಗೂ ಕಾವು ಉಗುಳುವ ಊರಿನಲ್ಲಿ, ತುಂಬಿದ ಬಾಟಲಿ ತುಂಬಿದ ಹಾಗೇ ವಾಪಸು ಬರುತ್ತಿತ್ತು. ಸಿಸ್ಟರ್ ಬಂದ ಸಂಜೆ ಗೇಟಿನ ಪಕ್ಕದ ದಾಸವಾಳದ ಗಿಡದ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಉಳಿದ ನೀರನ್ನು ನಾವೇ ಗಿಡಕ್ಕೆ ಸುರಿಯುವಂತೆ ಹೇಳುತ್ತಿದ್ದರು. "ಗಿಡ ನೋಡ್ರಿ ಎಂಗೆ ಕೊಬ್ಬೈತೆ. ಇದು ಒಣಗಬೇಕು, ಅವತ್ತು ನಂಗೆ ಖುಷಿ." ಮೆಟ್ಟಿಲ ವಿಷಯ ಪ್ರಿನ್ಸಿಪಾಲರಿಗೆ ಹೇಳಿ ಎಂದರೆ, "ಮೆಟ್ಲು ಹತ್ತಾಕೆ ಆಗದೋರು ನೀವು, ನಾನ್ಯಾಕೆ ಹೇಳ್ಲಿ? ಹೋಗ್ರಿ, ನಾನು ಹೊರಗೆ ನಿಂತಿರ್ತೀನಿ" ಎಂದರು. ಹೋದೆವು. ಮೆಟ್ಟಿಲ ಪಕ್ಕ ಕುರ್ಚಿ ಏರುವಂಥ ಇಳಿಜಾರು ಹಾಸು ಆಗಲು ಬಹಳ ಕಾಲ ಹಿಡಿಯಿತು, ಆದರೆ ಆಯಿತು. ದಾಸವಾಳ ನಿಜಕ್ಕೂ ಸೊರಗಿತು. ಕೊನೆಗೆ ವಾರ್ಡನ್ ಬೇರೆ ನೀರು ಹಾಕಿಸಬೇಕಾಯಿತು.

ಹಾಸಿಗೆಯ ಮೇಲೆ ಮಗ್ಗುಲಾಗಿ, ಕೈಗನ್ನಡಿ ಹಿಡಿದು ಬೆನ್ನು, ಸೊಂಟದ ಚರ್ಮ ಕೆಂಪಾಗಿದೆಯೇ ಎಂದು ನೋಡಿಕೊಳ್ಳುವುದನ್ನು ಕಲಿಸಿದವರೂ ಅವರೇ. ಕೂತು ಕೂತು ಹುಣ್ಣಾದರೆ ನಮಗೆ ನೋವೇ ಗೊತ್ತಾಗುವುದಿಲ್ಲವಲ್ಲ. "ಮುಖ ನೋಡಾಕೆ ಎಲ್ರೂ ಅವ್ರೆ. ಬೆನ್ನು ನೋಡಾಕೆ ನೀನೊಬ್ಳೇ."

ಇನ್ನು ಬಸ್ಸಿನ ವಿಷಯ. ನಳಿಕೆ ಹಾಕಿಕೊಳ್ಳುವುದನ್ನು ಅವರು ಮೂರು ಹಂತದಲ್ಲಿ ಕಲಿಸುತ್ತಿದ್ದರು. ಮೊದಲು ಎದುರಿಗೆ ನಿಂತು ಬಾಯಲ್ಲಿ ಹೇಳುವುದು. ಆಮೇಲೆ ಕೋಣೆಯಲ್ಲೇ ಇದ್ದು ಗೋಡೆಯ ಕಡೆ ತಿರುಗಿ ನಿಲ್ಲುವುದು. ಕೊನೆಗೆ ಬಾಗಿಲ ಹೊರಗೆ. ಹೊರಗಿನಿಂದ ಕೇಳುವಾಗ ಕಾರಿಡಾರಿನಲ್ಲಿ ಓಡಾಡುವವರ ಮುಂದೆ ನಮಗೆ ನಾಚಿಕೆಯಾಗಬಾರದೆಂದು, ಪ್ರತಿ ಹೆಜ್ಜೆಗೂ ತಾವು ಬರುವ ದಾರಿಯ ಊರಿನ ಹೆಸರಿಟ್ಟಿದ್ದರು. ಸೋಪಿನಿಂದ ಕೈ ತೊಳೆದರೆ ಬಬ್ಬೂರು. ಸರಿಯಾಗಿ ಕೂತು ಕನ್ನಡಿ ಹೊಂದಿಸಿದರೆ ಹಿರಿಯೂರು. ನಳಿಕೆ ಒಳಗೆ ಹೋದರೆ ಐಮಂಗಲ. ಮೂತ್ರ ಬಂದು ಮುಗಿದರೆ ದುರ್ಗ. "ಬಸ್ಸು ಎಲ್ಲಿಗೆ ಬಂತು?" ಎಂದು ಹೊರಗಿನಿಂದ ಕೂಗುತ್ತಿದ್ದರು. ಒಳಗಿನಿಂದ ನಾವು ಊರು ಹೇಳುತ್ತಿದ್ದೆವು.

ನನ್ನ ಬಸ್ಸು ಹಿರಿಯೂರಿನಲ್ಲೇ ನಿಂತುಬಿಡುತ್ತಿತ್ತು. ಅವರು ಗೋಡೆ ನೋಡುತ್ತಾ ನಿಂತಿದ್ದರೆ ಎಲ್ಲ ಸರಿಯಾಗುತ್ತಿತ್ತು. ಬಾಗಿಲ ಆಚೆ ಹೋದರೆ "ಅವ್ವಾ" ಎಂದು ಕೂಗುತ್ತಿದ್ದೆ. ಅವ್ವ ಚಿಲಕ ತೆಗೆದು ಬಂದೇಬಿಡುತ್ತಿದ್ದಳು. ಒಂದು ಸಲ ಇಬ್ಬರಿಗೂ ಜೋರು ಮಾತಾಯಿತು. "ನೀವು ಹಿಂಗೆ ನುಗ್ಗಿದ್ರೆ ಅವಳು ಕಲಿತಾಳೇನ್ರಿ?" ಎಂದರು ಸಿಸ್ಟರ್. "ಹೆತ್ತೋಳು ನಾನು. ಕೂಗಿದ್ರೆ ಕೇಳಿಸ್ಕಂಡು ಕುಂತ್ಕಳಾಕೆ ನನ್ ಕೈಲಿ ಆಗಲ್ಲ. ನಿಮ್ಗಾದ್ರೆ ಕೈ ಕಟ್ಟಾಕೆ ಬರ್ತೈತೆ" ಎಂದಳು ಅವ್ವ. ಸಿಸ್ಟರ್ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಕಾಲೇಜು ಹತ್ತಿರ ಬರುತ್ತಿತ್ತು. ವಾರ್ಡನ್ ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ, "ಏನಮ್ಮ, ಆಯ್ತಾ?" ಎನ್ನುತ್ತಿದ್ದರು. ಅವ್ವ ರಾತ್ರಿ ಬಟ್ಟೆ ಗಂಟು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಳು.

ಆಮೇಲೆ ಆ ದಿನ. ನನಗೆ ನೆನಪಿರುವುದು ಹೀಗೆ. ಮಧ್ಯಾಹ್ನ. ಸಿಸ್ಟರ್ ಬಾಗಿಲು ಎಳೆದುಕೊಂಡು ಹೊರಗೆ ಹೋದರು. ನಾನು ಕೈ ತೊಳೆದೆ, ಕೂತೆ, ಕನ್ನಡಿ ಹೊಂದಿಸಿದೆ. ಡಬ್ಬಿ ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದು ಢಣಾರನೆ ಸದ್ದಾಯಿತು. ನಾನು ಅವ್ವನನ್ನು ಕೂಗಿದೆ. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊರಗಿನಿಂದ ಸಿಸ್ಟರ್ ದನಿ: "ಬಿದ್ದಿದ್ದು ಬಿಡು. ಬ್ಯಾರೇದು ತಗ. ಬಸ್ಸು ಎಲ್ಲಿಗೆ ಬಂತು?" ನಾನು ಅಳುತ್ತಾ, "ಹಿರಿಯೂರು" ಎಂದೆ. ಮತ್ತೆ ಕೇಳಿತು: "ಎಲ್ಲಿಗೆ ಬಂತು?" ಕೇಳುತ್ತಲೇ ಇತ್ತು, ನಾನು ಹೇಳುತ್ತಲೇ ಇದ್ದೆ. ಕೊನೆಗೆ ದುರ್ಗ ಬಂತು.

ನನಗೆ ಸೀಟು ಸಿಕ್ಕಿತು. ಓದಿದೆ, ಎಂ.ಎ. ಮಾಡಿದೆ, ಈಗ ಇದೇ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಾಸ್ಟೆಲಿನ ಯಾವ ಸಮಾರಂಭಕ್ಕೆ ಕರೆದರೂ ಈ ಕತೆ ಹೇಳಿದ್ದೇನೆ. ಒಮ್ಮೆ ಸಿಸ್ಟರ್ ಅವರೇ ಮುಂದಿನ ಸಾಲಿನಲ್ಲಿ, ಅವ್ವನ ಪಕ್ಕ ಕೂತಿದ್ದರು. "ಆ ದನಿ ಇಲ್ಲದಿದ್ದರೆ ನಾನಿಲ್ಲ" ಎಂದಾಗ ಅವರ ತುಟಿ ಒಂದು ಬದಿಗೆ ಎದ್ದಿತು. ವಿನಯ ಎಂದುಕೊಂಡೆ.

ಬಬ್ಬೂರಿಗೆ ಹೋದ ದಿನ ಅವರ ಮನೆಯ ಓಣಿ ತುಂಬ ಊರುಗೋಲು, ಗಾಲಿ ಕುರ್ಚಿ, ಮೂರು ಚಕ್ರದ ಸ್ಕೂಟರು. ನಾಲ್ಕೂ ತಾಲ್ಲೂಕಿನಿಂದ ಬಂದಿದ್ದರು. ಸೊಸೆ ತಬ್ಬಿಬ್ಬಾಗಿದ್ದಳು. "ಅತ್ತೆ ಮನೇಲಿ ನಿಮ್ಮ ಸುದ್ದಿನೇ ಎತ್ತುತಿರ್ಲಿಲ್ಲ" ಎಂದಳು. ಬಿಸಿಲು ಏರಿತು. ಯಾರು ಮೊದಲು ತೆಗೆದರೋ ಕಾಣೆ, ಒಬ್ಬೊಬ್ಬರಾಗಿ ಚೀಲದಿಂದ ಬಾಟಲಿ ತೆಗೆದು ನೀರು ಕುಡಿಯತೊಡಗಿದೆವು. ಹೊತ್ತಾಗಿತ್ತು, ಕುಡಿಯಬೇಕಿತ್ತು, ಅಷ್ಟೆ. ಹೆಣ ಎತ್ತುವ ಮುಂಚೆ ಸಾವಿನ ಮನೆಯ ಮುಂದೆ ಹಾಗೆ ಮಾಡಬಾರದೆಂಬುದು ನಮಗೂ ಗೊತ್ತು. ಜಗಲಿಯ ಮೇಲಿದ್ದ ಒಬ್ಬ ಅಜ್ಜಿ, "ಏನ್ ಕಾಲ ಬಂತವ್ವ, ಹೆಣದ ಮುಂದೆ ಗಟಗಟ ಅಂತ ಕುಡೀತಾವೆ" ಎಂದು ಗೊಣಗಿತು. ಸೊಸೆ ಅಳುತ್ತಿದ್ದವಳು ತಿರುಗಿ, "ಕುಡೀಲಿ ಬಿಡಜ್ಜಿ. ಅತ್ತೆ ಎದ್ದು ಬಂದ್ರೂ ಅದನ್ನೇ ಹೇಳ್ತಿದ್ರು. ನನಗೂ ದಿನಾ ಅದೇ ಕಾಟ" ಎಂದಳು. ಅಳುತ್ತಲೇ ನಕ್ಕಳು.

ವಾಪಸು ಬರುವಾಗ ಕಾರು ಐಮಂಗಲ ದಾಟುತ್ತಿತ್ತು. ನಾನು ಮತ್ತೆ ಅದೇ ಕತೆ ತೆಗೆದೆ. ಕವಿತಾ ಕಿಟಕಿಯ ಕಡೆ ನೋಡುತ್ತಾ ಹೇಳಿದಳು: "ಅವತ್ತು ಸಿಸ್ಟರ್ ಬಾಗಿಲ ಹತ್ರ ಇರ್ಲಿಲ್ಲ ಕಣೇ."

"ಏನು?"

"ನಿನ್ನ ಒಳಗೆ ಬಿಟ್ಟು ಹೊಸದುರ್ಗದ ಬಸ್ಸಿಗೆ ಹೋದ್ರು. ಗೇಟಿನ ಗಂಟ ನಾನೇ ಜೊತೆಗಿದ್ದೆ. ಲೇ ಕವಿತಾ, ಬಾಯಿ ಬಿಟ್ಟೆ ಅಂದ್ರೆ ನೋಡು, ಅಂದಿದ್ರು. ಇವತ್ತಿನ ಗಂಟ ಬಿಟ್ಟಿರ್ಲಿಲ್ಲ."

ದನಿ ಕೇಳಿದ್ದು ಸುಳ್ಳೇ? ಭಯದಲ್ಲಿ ನನ್ನ ತಲೆಯೇ ಆ ದನಿಯನ್ನು ಹುಟ್ಟಿಸಿಕೊಂಡಿತೆ? ಅಥವಾ ಕವಿತಾ ಬೇರೆ ಯಾವುದೋ ದಿನವನ್ನು ಇದಕ್ಕೆ ಸೇರಿಸುತ್ತಿದ್ದಾಳೆಯೆ? ಮಾತ್ರೆಯ ವಿಷಯದ ಹಳೆಯ ಸಿಟ್ಟು ಅವಳಿಂದ ಹೀಗೆ ಹೇಳಿಸುತ್ತಿದೆಯೆ? ಕೇಳಬೇಕಾದವರು ಹೋಗಿಬಿಟ್ಟಿದ್ದರು. ಅಂದು ಕಾರಿಡಾರಿನಲ್ಲಿದ್ದವರಲ್ಲಿ ಇನ್ನೊಬ್ಬಳು ಉಳಿದಿದ್ದಳು.

ಭಾನುವಾರ ತಾಳ್ಯಕ್ಕೆ ಹೋದೆ. ಅವ್ವ ಅಣ್ಣನ ಮನೆಯಲ್ಲಿ, ಮೊಮ್ಮಕ್ಕಳ ಗಲಾಟೆಯ ನಡುವೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಕೇಳಿದೆ.

"ಹೂಂ, ಸಿಸ್ಟರಮ್ಮ ಹೋಗಿದ್ರು" ಎಂದಳು, ಯಾರೋ ಬಸ್ಸು ಹತ್ತಿದ್ದನ್ನು ಹೇಳುವಷ್ಟೇ ಸಲೀಸಾಗಿ. "ನನ್ನ ಬಾಗ್ಲ ಮುಂದೆ ನಿಲ್ಸಿ ಹೋದ್ರು. ಇಷ್ಟು ದಿನ ಅವಳಿಗೆ ಕಲಿಸಿದ್ದಾತು, ಇವತ್ತು ಪಾಠ ನಿಮ್ಗೆ, ಅಂದ್ರು. ಕೂಗಿದ್ರೆ ಒಳಗೆ ಹೋಗ್ಬ್ಯಾಡ್ರಿ, ಬಸ್ಸು ಎಲ್ಲಿಗೆ ಬಂತು ಅಂತ ಕೇಳ್ರಿ, ಅಷ್ಟೇ ನಿಮ್ ಕೆಲ್ಸ ಅಂದ್ರು."

"ಹಂಗಾದ್ರೆ ಕೇಳಿದ್ದು?"

"ನಾನೇ ಮತ್ತೆ. ಇನ್ಯಾರು?"

"ನಂಗೆ ನಿನ್ನ ದನಿ ಗೊತ್ತಾಗಲ್ವಾ ಅವ್ವ?"

"ಅಳು ಬಂದು ಗಂಟ್ಲು ಕಟ್ಟಿತ್ತು. ನಂಗೇ ನನ್ನ ದನಿ ಗೊತ್ತಾಗ್ತಿರ್ಲಿಲ್ಲ, ನಿಂಗೆಲ್ಲಿ ಗೊತ್ತಾಗ್ಬೇಕು?"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಮೈಕ್ ಮುಂದೆ ಸಿಸ್ಟರು, ಸಿಸ್ಟರು ಅಂತ ಹೇಳ್ತಿದ್ದೆ. ಚೆಂದಾಗಿತ್ತು. ಅವ್ರೂ ಸುಮ್ನೆ ಕುಂತಿದ್ರು. ನಾನ್ಯಾಕೆ ನಡುವೆ ಬಾಯಿ ಹಾಕ್ಲಿ?" ಅವರೆಕಾಳನ್ನು ಮೊರಕ್ಕೆ ಹಾಕಿದಳು. ಆಮೇಲೆ ತಾನಾಗಿಯೇ ಹೇಳಿದಳು: "ಡಬ್ಬಿ ಬಿತ್ತು ನೋಡು, ಆಗ ಮಾತ್ರ ತಡಿಯಾಕಾಗ್ಲಿಲ್ಲ. ನೀನು ಅವ್ವಾ ಅಂದೆ. ಚಿಲಕಕ್ಕೆ ಕೈ ಹಾಕಿಬಿಟ್ಟಿದ್ದೆ."

"ಆಮೇಲೆ?"

ಅವ್ವ ಎದ್ದಳು. ಉಡಿಯಲ್ಲಿದ್ದ ಸಿಪ್ಪೆ ಕೊಡವಿಕೊಂಡು ಗೋಡೆಗೆ ಒತ್ತಿ ನಿಂತು, ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು ಒಂದನ್ನೊಂದು ಹಿಡಿದುಕೊಂಡಳು. ಥೇಟ್ ಸಿಸ್ಟರ್.

"ಹಿಂಗೆ" ಎಂದಳು.

"ಎಷ್ಟು ಹೊತ್ತು ಹಂಗೆ ನಿಂತಿದ್ದೆ?"

"ನೀನು ದುರ್ಗ ಬಂತು ಅನ್ನೋ ಗಂಟ."